ಅಜ್ಜನ ಹದಿನಾಲ್ಕು ದನ, ನಮ್ಮ ಎರಡು ಹಸು: ಯಾರ ಲೆಕ್ಕ ಜಾಸ್ತಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಶಿವಮೊಗ್ಗದಲ್ಲಿ ಓದುವ ಮಗಳು ಮೊನ್ನೆ ಮನೆಗೆ ಬಂದಾಗ, "ಅಪ್ಪಾ, ಭೂಮಿ ಬಿಸಿಯಾಗೋದಕ್ಕೆ ನಮ್ಮ ದನ, ಗದ್ದೆನೂ ಕಾರಣವಂತೆ" ಅಂದಳು. ನನ್ನ ಅಜ್ಜನ ಕಾಲದಲ್ಲಿ ಕೊಟ್ಟಿಗೆ ತುಂಬ ಹದಿನಾಲ್ಕು ಮಲೆನಾಡು ಗಿಡ್ಡ ದನ ಇದ್ದವು. ನಾಲ್ಕು ಎಕರೆ ಗದ್ದೆ ಇತ್ತು. ಈಗ ಇರುವುದು ಎರಡು ಕ್ರಾಸ್ ಹಸು, ಒಂದು ಎಕರೆ ಗದ್ದೆ. ಉಳಿದದ್ದೆಲ್ಲ ಅಡಿಕೆ ತೋಟ. ಹಾಗಾದರೆ ನಮ್ಮ ಊಟದಿಂದ ಆಗುವ ಮಾಲಿನ್ಯ ಅಜ್ಜನ ಕಾಲಕ್ಕಿಂತ ಕಡಿಮೆ ಆಗಿರಬೇಕಲ್ವಾ?

ಉತ್ತರ: ಕೊಟ್ಟಿಗೆ ಮತ್ತು ಗದ್ದೆಯ ಮಟ್ಟಿಗೆ ನಿಮ್ಮ ಮಾತು ಸರಿ. ಊಟದ ಮಟ್ಟಿಗೆ ಅಷ್ಟು ಸಲೀಸಾಗಿ ಹೌದು ಅನ್ನಲು ಬರುವುದಿಲ್ಲ.

ಮೊದಲು ಕೊಟ್ಟಿಗೆ. ದನ ತಿಂದ ಮೇವು ಜೀರ್ಣವಾಗುವಾಗ ಹೊಟ್ಟೆಯಲ್ಲಿ ಮೀಥೇನ್ ಅನ್ನುವ, ಭೂಮಿ ಬಿಸಿ ಮಾಡುವ ಅನಿಲ ಹುಟ್ಟುತ್ತದೆ. ಅದು ಹೊರಗೆ ಬರುವುದು ಬಹುಪಾಲು ಬಾಯಿಂದ, ತೇಗಿನ ಜೊತೆ. ನಮ್ಮ ದೇಶದ ಲೆಕ್ಕದಲ್ಲಿ ನಾಟಿ ಹಾಲಿನ ಹಸುವಿಗೆ ವರ್ಷಕ್ಕೆ ಸುಮಾರು 28 ಕೆಜಿ, ಕ್ರಾಸ್ ಹಸುವಿಗೆ ಸುಮಾರು 43 ಕೆಜಿ ಮೀಥೇನ್ ಹಿಡಿಯುತ್ತಾರೆ. ಗಿಡ್ಡ ಸಣ್ಣ ದನ, ತಿನ್ನುವುದೂ ಕಡಿಮೆ. ಒಂದಕ್ಕೆ 20 ಕೆಜಿ ಅಂತ ಹಿಡಿದರೂ ಅಜ್ಜನ ಕೊಟ್ಟಿಗೆಯದು 280 ಕೆಜಿ ಆಯ್ತು. ನಿಮ್ಮದು 86. ಹಾಲು ಮಾತ್ರ ನಿಮ್ಮಲ್ಲೇ ಜಾಸ್ತಿ ಇರಬಹುದು.

ದೇಶದ ಕಥೆಯೂ ಮೇಲ್ನೋಟಕ್ಕೆ ಇದಕ್ಕೆ ಹತ್ತಿರ. ಭಾರತ ವಿಶ್ವಸಂಸ್ಥೆಗೆ ಕೊಟ್ಟ ವರದಿಗಳ ಪ್ರಕಾರ, 1994ರಲ್ಲಿ ದೇಶದ ಒಟ್ಟು ಹಸಿರುಮನೆ ಅನಿಲದಲ್ಲಿ (ಭೂಮಿ ಬಿಸಿ ಮಾಡುವ ಅನಿಲಗಳಲ್ಲಿ) ಕೃಷಿಯ ಪಾಲು ಶೇ 28. 2020ಕ್ಕೆ ಅದು ಶೇ 14ರ ಹತ್ತಿರ ಇಳಿಯಿತು. ಇದನ್ನು ನೋಡಿ ಕೃಷಿಯ ಅನಿಲ ಅರ್ಧಕ್ಕೆ ಇಳಿಯಿತು ಅಂದುಕೊಳ್ಳಬೇಡಿ. ಎಲ್ಲವನ್ನೂ ಇಂಗಾಲದ ಡೈಆಕ್ಸೈಡ್‌ಗೆ ಸಮ ಮಾಡಿ ನೋಡಿದರೆ ಅದು ಸುಮಾರು 34 ಕೋಟಿ ಟನ್‌ನಿಂದ 40 ಕೋಟಿ ಟನ್‌ಗೆ ಏರಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಅದಕ್ಕಿಂತ ಎಷ್ಟೋ ಜೋರಾಗಿ ಏರಿದ್ದರಿಂದ ಪಾಲು ಚಿಕ್ಕದಾಗಿ ಕಾಣುತ್ತದೆ, ಅಷ್ಟೇ. ನಡುವೆ ಲೆಕ್ಕ ಹಾಕುವ ರೀತಿಯೂ ಬದಲಾಗಿದೆ, ಹಾಗಾಗಿ ಅಂಕಿಗಳನ್ನು ತೀರಾ ಕರಾರುವಾಕ್ಕಾಗಿ ಹೋಲಿಸುವುದು ಬೇಡ. ಇದೇ ಅವಧಿಯಲ್ಲಿ ದೇಶದ ಹಾಲು ವರ್ಷಕ್ಕೆ 6.4 ಕೋಟಿ ಟನ್‌ನಿಂದ 21 ಕೋಟಿ ಟನ್‌ಗೆ ಹೋಯಿತು. ಅಂದರೆ ಒಂದು ಲೀಟರ್ ಹಾಲಿನ ಹಿಂದಿನ ಮೀಥೇನ್ ಚೆನ್ನಾಗಿ ಇಳಿದಿದೆ. ನಮ್ಮ ರೈತರ ಈ ಸಾಧನೆಯನ್ನು ಯಾರೂ ಹೇಳುವುದಿಲ್ಲ, ನನಗೆ ಅದು ಬೇಸರ.

ಈಗ ಗದ್ದೆಗೆ ಬನ್ನಿ. ನಾಟಿಯಾಗಿ ತಿಂಗಳು ಕಳೆದ, ತಗ್ಗಿನಲ್ಲಿ ನೀರು ನಿಲ್ಲುವ ಬೈಲುಗದ್ದೆಗೆ ಇಳಿದು ಕೆಸರಲ್ಲಿ ಕಾಲು ಒತ್ತಿ ನೋಡಿ. ಗುಳುಗುಳು ಅಂತ ಗುಳ್ಳೆ ಏಳುತ್ತವೆ. ಅದರಲ್ಲಿ ಮೀಥೇನ್ ಇರುತ್ತದೆ. ನೀರು ನಿಂತ ಮಣ್ಣಿಗೆ ಗಾಳಿ ಸಿಗುವುದಿಲ್ಲ, ಅಲ್ಲಿ ಕೊಳೆಯುವ ಬೇರು, ಸೊಪ್ಪಿನಿಂದ ಇದು ಹುಟ್ಟುತ್ತದೆ. ಆದರೆ ಕಣ್ಣಿಗೆ ಕಾಣುವ ಗುಳ್ಳೆ ಸ್ವಲ್ಪವೇ. ಹೆಚ್ಚಿನದು ಭತ್ತದ ಗಿಡದ ಒಳಗಿನ ಟೊಳ್ಳಿನಿಂದ ಸದ್ದಿಲ್ಲದೆ ಮೇಲೆ ಹೋಗುತ್ತದೆ.

ನೀವು ಮೂರು ಎಕರೆ ಗದ್ದೆಯನ್ನು ತೋಟ ಮಾಡಿದಿರಿ, ಅಲ್ಲಿನ ಮೀಥೇನ್ ನಿಂತಿತು. ನಿಜ. ಅನ್ನ ಉಣ್ಣುವುದು ನಿಂತಿಲ್ಲ ಅಲ್ವಾ? ಅಂಗಡಿಯಿಂದ ತರುವ ಸೋನಾ ಮಸೂರಿ ಗಂಗಾವತಿ ಕಡೆಯದಾದರೆ, ಅದು ತುಂಗಭದ್ರಾ ಕಾಲುವೆಯ ನೀರು ನಿಂತ ಗದ್ದೆಯಲ್ಲಿ ಬೆಳೆದದ್ದು. ನಿಮ್ಮ ಗದ್ದೆಯ ಮೀಥೇನ್ ಅಲ್ಲಿಗೆ ವಲಸೆ ಹೋಯಿತು. ಜೊತೆಗೆ ಮಿಲ್ಲಿನ ಕರೆಂಟು, ಲಾರಿಯ ಡೀಸೆಲ್ ಸೇರಿಕೊಂಡವು. ಅಜ್ಜನ ಭತ್ತ ಕಣದಿಂದ ಪಣತಕ್ಕೆ (ಕಣಜಕ್ಕೆ) ಹೋಗಲು ಎತ್ತಿನಗಾಡಿ ಸಾಕಿತ್ತು.

ನಾನು ಹೇಳಬೇಕು ಅಂದುಕೊಂಡ ಮುಖ್ಯ ಮಾತು ಇದೇ. ಸರ್ಕಾರಿ ವರದಿಯ 'ಕೃಷಿ' ಅನ್ನುವ ಕಲಮಿನಲ್ಲಿ ದನ, ಗದ್ದೆ, ಗೊಬ್ಬರ ಹಾಕಿದ ಮಣ್ಣು, ಸುಟ್ಟ ಹುಲ್ಲು ಇಷ್ಟೇ ಬರುತ್ತವೆ. ಯೂರಿಯಾ ಕಾರ್ಖಾನೆಯ ಗ್ಯಾಸು, ಪಂಪ್‌ಸೆಟ್‌ನ ಕರೆಂಟು, ಲಾರಿ, ಫ್ರಿಜ್ಜು, ಅಡುಗೆ ಸಿಲಿಂಡರ್ ಎಲ್ಲ ಬೇರೆ ಕಲಮಿಗೆ ಹೋಗುತ್ತವೆ. ತಟ್ಟೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಚಿತ್ರವೇ ಬೇರೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಡೀ ಜಗತ್ತಿಗೆ ಹೀಗೆ ಲೆಕ್ಕ ಹಾಕಿತು. ಆಹಾರದ ಹಿಂದಿನ ಅನಿಲ 1990ರಲ್ಲಿ 1,600 ಕೋಟಿ ಟನ್, 2015ರಲ್ಲಿ 1,800 ಕೋಟಿ ಟನ್. ಮನುಷ್ಯರಿಂದಾಗುವ ಒಟ್ಟು ಅನಿಲದಲ್ಲಿ ಅದು ಮೂರರಲ್ಲಿ ಒಂದು ಪಾಲು. ಭಾರತದ್ದು ಅದರಲ್ಲಿ ಸುಮಾರು ಶೇ 6. ನಮ್ಮ ಜನಸಂಖ್ಯೆ ನೋಡಿದರೆ ಇದು ಕಡಿಮೆಯೇ.

ಇನ್ನೊಂದು ವಿಷಯ ಮಗಳಿಗೆ ಖಂಡಿತ ಹೇಳಿ. ಮೀಥೇನ್ ಗಾಳಿಯಲ್ಲಿ ಉಳಿಯುವುದು ಹತ್ತು ಹನ್ನೆರಡು ವರ್ಷ. ಇರುವಷ್ಟು ದಿನ ಜೋರಾಗಿ ಬಿಸಿ ಮಾಡುತ್ತದೆ, ಆಮೇಲೆ ಒಡೆದು ಹೋಗುತ್ತದೆ. ಅಜ್ಜನ ಹದಿನಾಲ್ಕು ದನದ ಮೀಥೇನ್ ಇವತ್ತು ಮೇಲೆ ಇಲ್ಲ. ಆದರೆ ಲಾರಿಯ ಹೊಗೆಯ ಇಂಗಾಲದ ಡೈಆಕ್ಸೈಡ್‌ನಲ್ಲಿ ಒಂದಷ್ಟು ಪಾಲು ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡ್ ನೂರು ವರ್ಷದ ಮೇಲೂ ಉಳಿಯುತ್ತದೆ.

ಯೂರಿಯಾ ವಿಷಯದಲ್ಲಿ ನನಗೆ ನಿಜವಾದ ಚಿಂತೆ ಇದೆ. 45 ಕೆಜಿ ಚೀಲದಲ್ಲಿ ಸಾರಜನಕ ಸುಮಾರು 21 ಕೆಜಿ. ತೋಟದ ಮಣ್ಣಿಗೆ ಹಾಕಿದಾಗ ಅದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ಒಂದು ಪಾಲು ತಾನೇ ಅನ್ನಬೇಡಿ. ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಮಾಡುತ್ತದೆ. ಆಮ್ಲಜನಕ ಸೇರಿ ಅದರ ತೂಕವೂ ಹೆಚ್ಚುತ್ತದೆ. ಹಾಗಾಗಿ ಒಂದೊಂದು ಚೀಲವೂ ಸುಮಾರು 90 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಕಾರ್ಖಾನೆಯದು ಬೇರೆ. ನಮ್ಮ ಮಳೆಗೆ ಅರ್ಧ ಗೊಬ್ಬರ ಕೊಚ್ಚಿ ಹಳ್ಳ ಸೇರುವುದೂ ಉಂಟು. ಆಷಾಢದ ಮಳೆಯಲ್ಲಿ ಯೂರಿಯಾ ಎರಚುವುದು ಸುಮ್ನೆ ದುಡ್ಡು ದಂಡ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟನ್ನೇ ಎರಡು ಮೂರು ಸಲಕ್ಕೆ ಹಂಚಿ ಕೊಡಿ.

ಗದ್ದೆಯಲ್ಲಿ ನೀರನ್ನು ಆಗಾಗ ಬಸಿದು ಮತ್ತೆ ಕಟ್ಟಿದರೆ ಮೀಥೇನ್ ಮೂರನೇ ಒಂದರಿಂದ ಅರ್ಧದವರೆಗೂ ಇಳಿಯುತ್ತದೆ. ಎತ್ತರದ ಮಕ್ಕಿಗದ್ದೆಯಲ್ಲಿ ಮಳೆ ಬಿಡುವು ಕೊಟ್ಟಾಗ ಇದು ಆಗುವ ಕೆಲಸ. ಬೈಲುಗದ್ದೆಯಲ್ಲಿ ಜುಲೈ ತಿಂಗಳಲ್ಲಿ ನೀರು ಬಸಿಯಿರಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅವರು ಮಲೆನಾಡಿನ ಮಳೆ ನೋಡಿಲ್ಲ.

ಕೊಟ್ಟಿಗೆಗೆ ದರಗು (ಉದುರಿದ ಒಣ ಎಲೆ) ಹಾಸುವುದನ್ನು ಬಿಟ್ಟಿದ್ದರೆ ಮತ್ತೆ ಶುರು ಮಾಡಿ. ದರಗು ಬೆರೆತ ಗೊಬ್ಬರದಲ್ಲಿ ಗಾಳಿ ಆಡುತ್ತದೆ, ಮೀಥೇನ್ ಕಡಿಮೆ. ಸಗಣಿಯನ್ನು ಬರೀ ನೀರಲ್ಲಿ ತೊಳೆದು ಗುಂಡಿಗೆ ಬಿಟ್ಟರೆ ಅಲ್ಲಿ ಗದ್ದೆಯ ಕೆಸರಿನ ಕಥೆಯೇ ಆಗುತ್ತದೆ. ಎರಡು ಹಸುವಿನ ಸಗಣಿಗೆ ಸಣ್ಣ ಗೋಬರ್ ಗ್ಯಾಸ್ ಗುಂಡಿ ಸಾಕು. ಆ ಮೀಥೇನ್ ಒಲೆಯಲ್ಲಿ ಉರಿದು ಹೋಗುತ್ತದೆ, ಸಿಲಿಂಡರ್ ಇನ್ನಷ್ಟು ದಿನ ಬರುತ್ತದೆ. ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ನೋಡುತ್ತಿರಿ. ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ ಅಂತ ಅರ್ಥ, ಅವತ್ತೇ ಸರಿಮಾಡಿಸಿ.