ಬ್ರೂನಿ ದ್ವೀಪದ ಲೈಟ್‌ಹೌಸ್ ಕೆಟ್ಟು ನಿಂತಿದ್ದಲ್ಲ

ಬೆಂಗಳೂರಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಹೊರಟಿದ್ದೀರಿ, ಬ್ರೂನಿ ದ್ವೀಪದ ಲೈಟ್‌ಹೌಸ್ ಯಾಕೆ ನಿಲ್ಲಿಸಿದರು ಅಂತ ಕೇಳಿದ್ದೀರಿ, ಅಲ್ವಾ? ಅದು ಕೆಟ್ಟಿರಲಿಲ್ಲ. ಹತ್ತಿರದಲ್ಲೇ ಸೋಲಾರ್ ದೀಪ ಬಂತು, 1996ರಲ್ಲಿ ಇದನ್ನು ಆರಿಸಿದರು, ಅಷ್ಟೇ.

ಆದರೆ ಕಟ್ಟಿದ ಕಥೆ ಕೇಳಿ. 1835ರಲ್ಲಿ ಇಂಗ್ಲೆಂಡಿನಿಂದ ಕೈದಿಗಳನ್ನು ತುಂಬಿಕೊಂಡು ಬಂದ ಜಾರ್ಜ್ 3 ಅನ್ನೋ ಹಡಗು ಅಲ್ಲೇ ಹತ್ತಿರದಲ್ಲಿ ಬಂಡೆಗೆ ಬಡಿದು ನೂರಕ್ಕೂ ಜಾಸ್ತಿ ಜನ ಸತ್ತರು, ಬಹುಪಾಲು ಕೈದಿಗಳೇ. ಆಮೇಲೆ ಈ ಗೋಪುರ ಕಟ್ಟಿದವರೂ ಕೈದಿಗಳೇ! ಇದು ನನ್ನ ಮನಸ್ಸಿನಿಂದ ಹೋಗೋದೇ ಇಲ್ಲ.

1838ರಲ್ಲಿ ದೀಪ ಹತ್ತಿತು, ತಿಮಿಂಗಿಲದ ಎಣ್ಣೆಯಲ್ಲಿ. ದೀಪ ನೋಡಿಕೊಳ್ಳೋರು ರಾತ್ರಿಯಿಡೀ ಎದ್ದಿದ್ದು ಬತ್ತಿ ಸರಿ ಮಾಡಬೇಕಿತ್ತು, ಗಾಜಿನ ಮಸಿ ಒರೆಸಬೇಕಿತ್ತು. ಬಸವನಗುಡಿ ಮನೆಯಲ್ಲಿ ಕರೆಂಟ್ ಹೋದಾಗ ನಮ್ಮಜ್ಜಿ ಸೆರಗಿನ ತುದಿಯಿಂದ ಲಾಟೀನು ಒರೆಸುತ್ತಿದ್ದ ಹಾಗೇ. ಗೋಪುರದ ಒಳಗಿನ ಕಬ್ಬಿಣದ ಸುರುಳಿ ಮೆಟ್ಟಿಲು ಖಂಡಿತ ನೋಡಿ.