ಪ್ರತಿಕ್ರಿಯೆ: ತಂದೆಯವರ ವರದಿಯಲ್ಲಿ ಕಪ್ಪಾ–ಲ್ಯಾಂಬ್ಡಾ ಅನುಪಾತ 2.07

ತಂದೆಯವರ ರಕ್ತಪರೀಕ್ಷೆಯಲ್ಲಿ ಕಪ್ಪಾ–ಲ್ಯಾಂಬ್ಡಾ ಅನುಪಾತ 2.07 ಬಂದಿದೆ, ಇದು ಮೈಲೋಮಾ (ಮೂಳೆಮಜ್ಜೆಯ ಒಂದು ಬಗೆಯ ಕ್ಯಾನ್ಸರ್) ಇರಬಹುದೇ ಎಂದು ಕೇಳಿದ್ದೀರಿ. ಕಪ್ಪಾ, ಲ್ಯಾಂಬ್ಡಾ ಎಂದರೆ ಪ್ರತಿಕಾಯಗಳ ಭಾಗವಾದ ಎರಡು ಬಗೆಯ ಲಘು ಸರಪಳಿ ಪ್ರೋಟೀನ್‌ಗಳು. ವರದಿಯಲ್ಲಿ ಬಿಡಿ ಕಪ್ಪಾ ಲೀಟರಿಗೆ 62 ಮಿಲಿಗ್ರಾಂ, ಬಿಡಿ ಲ್ಯಾಂಬ್ಡಾ 30, ಮೂತ್ರಪಿಂಡ ಕುಂದಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಡೆಸಿಲೀಟರಿಗೆ 2.6 ಮಿಲಿಗ್ರಾಂ ಎಂದಿರುವುದರಿಂದ, ಅನುಪಾತ ಏರಲು ಮೂತ್ರಪಿಂಡದ ದೌರ್ಬಲ್ಯವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಮೈಲೋಮಾ ಎಂದು ಈಗಲೇ ತೀರ್ಮಾನಿಸಬೇಡಿ, ಇಲ್ಲವೆಂದೂ ಈ ಒಂದು ವರದಿಯಿಂದ ಹೇಳಲಾಗದು.

ಸೋಂಕಿನ ವಿರುದ್ಧ ಹೋರಾಡುವ ಪ್ರತಿ ಪ್ರತಿಕಾಯದಲ್ಲಿ ಭಾರ ಸರಪಳಿಗಳ ಜೊತೆಗೆ ಎರಡು ಲಘು ಸರಪಳಿಗಳಿದ್ದು, ಅವೆರಡೂ ಕಪ್ಪಾ ಆಗಿರುತ್ತವೆ ಇಲ್ಲವೇ ಎರಡೂ ಲ್ಯಾಂಬ್ಡಾ, ಬೆರಕೆ ಇರುವುದಿಲ್ಲ. ಭಾರ ಸರಪಳಿಗೆ ಜೋಡಣೆಯಾಗದೆ ಉಳಿದವು ರಕ್ತಕ್ಕಿಳಿದು ಮೂತ್ರಪಿಂಡದಲ್ಲಿ ಸೋಸಿಹೋಗುತ್ತವೆ. ಬಿಡಿ ಕಪ್ಪಾ ಬಹುತೇಕ ಒಂಟಿಯಾಗಿ, ಸುಮಾರು 25 ಕಿಲೋಡಾಲ್ಟನ್ ತೂಕದಲ್ಲಿಯೂ, ಲ್ಯಾಂಬ್ಡಾ ಹೆಚ್ಚಾಗಿ ಜೋಡಿಯಾಗಿ ಅದರ ಇಮ್ಮಡಿ ತೂಕದಲ್ಲಿಯೂ ಇರುವುದರಿಂದ, ಆರೋಗ್ಯವಂತರಲ್ಲಿ ಕಪ್ಪಾ ಬೇಗ ಹೊರಹೋಗುತ್ತದೆ. ಸೋಸುವಿಕೆ ಕುಂದಿದಾಗ ಆ ಅನುಕೂಲ ತಪ್ಪಿ ಎರಡೂ ಏರುತ್ತವೆ, ಕಪ್ಪಾ ತುಸು ಹೆಚ್ಚೇ ಏರುತ್ತದೆ. ವರದಿಯ ಅಂಚಿನಲ್ಲಿ ಮುದ್ರಿಸಿರುವ 0.26–1.65 ಆರೋಗ್ಯವಂತರ ಮಿತಿ. ಮೂತ್ರಪಿಂಡ ಕುಂದಿದವರಿಗೆ 0.37–3.1 ಎಂಬ ಮಿತಿಯನ್ನು ಬಳಸುವುದುಂಟು, 2.07 ಅದರೊಳಗೇ ಇದೆ.

ಮೊದಲು ಸೀರಂ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ (ರಕ್ತದ ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ) ಮತ್ತು ಇಮ್ಯುನೊಫಿಕ್ಸೇಶನ್ (ಅಸಹಜ ಪ್ರತಿಕಾಯವಿದ್ದರೆ ಅದು ಯಾವ ಬಗೆಯದೆಂದು ಪಟ್ಟೆಯಾಗಿ ತೋರಿಸುವ ಪರೀಕ್ಷೆ) ಮಾಡಿಸಿ; ದಾವಣಗೆರೆಯಲ್ಲಿ ಕೊಟ್ಟ ರಕ್ತವನ್ನು ಬೆಂಗಳೂರಿಗೆ ಕಳುಹಿಸಬೇಕಾದರೆ ಕೆಲವು ದಿನ ಹಿಡಿಯಬಹುದು. ಜೊತೆಗೆ 24 ಗಂಟೆಯ ಮೂತ್ರದ ಪ್ರೋಟೀನ್, ಹಿಮೋಗ್ಲೋಬಿನ್, ಕ್ಯಾಲ್ಸಿಯಂ ನೋಡಿಸಿ. ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ ಪರೀಕ್ಷೆಯಲ್ಲಿ (ಡಿಪ್‌ಸ್ಟಿಕ್) ಪ್ರೋಟೀನ್ ಇಲ್ಲವೆಂದು ಬಂದರೆ ಸಮಾಧಾನಪಡಬೇಡಿ. ಅದು ಹಿಡಿಯುವುದು ಮುಖ್ಯವಾಗಿ ಅಲ್ಬುಮಿನ್ ಎಂಬ ಬೇರೊಂದು ಪ್ರೋಟೀನನ್ನು, ಲಘು ಸರಪಳಿಯನ್ನಲ್ಲ. ಎಲ್ಲ ವರದಿಗಳೊಂದಿಗೆ ಮೂತ್ರಪಿಂಡ ತಜ್ಞರನ್ನು ಕಾಣಿ; ಇಮ್ಯುನೊಫಿಕ್ಸೇಶನ್‌ನಲ್ಲಿ ಒಂದೇ ಬಗೆಯ ಪಟ್ಟೆ ಕಂಡಿದ್ದರೆ ತಡಮಾಡದೆ ರಕ್ತರೋಗ ತಜ್ಞರಲ್ಲಿಗೆ ಹೋಗಿ. ಮರುಪರೀಕ್ಷೆ ಬೇಕೆಂದರೆ ಅದೇ ಪ್ರಯೋಗಾಲಯದಲ್ಲಿ ಮಾಡಿಸಿ, ಏಕೆಂದರೆ ಬೇರೆ ಬೇರೆ ಕಿಟ್‌ಗಳ ಅಂಕಿಗಳು ಪರಸ್ಪರ ಹೊಂದುವುದಿಲ್ಲ.