ಕೆಲಸ ಹೋದರೆ ಮನೆಯೂ ಇಲ್ಲ, ದೇಶವೂ ಇಲ್ಲ

ನೀವು ಈವ್ ಆನ್‌ಲೈನ್ ಅನ್ನುವ ಬಾಹ್ಯಾಕಾಶದ ಕಂಪ್ಯೂಟರ್ ಆಟ ಶುರು ಮಾಡಿ, ಅದರೊಳಗಿನ ದೇಶಗಳಲ್ಲಿ ಕಲ್ದಾರಿ ಸ್ಟೇಟ್ ಆರಿಸಿಕೊಂಡಿದ್ದೀರಿ. "ಇಲ್ಲಿ ಕಂಪನಿಗಳೇ ಸರ್ಕಾರ ಅಂತಾರಲ್ಲ, ಅಂದ್ರೆ ನಮ್ಮನ್ನು ಆಳಿದ ಈಸ್ಟ್ ಇಂಡಿಯಾ ಕಂಪನಿ ತರಹವೇ? ಅಲ್ಲಿ ಸಾಮಾನ್ಯ ಜನರ ಬದುಕು ಹೇಗಿರುತ್ತೆ?" ಅಂತ ಕೇಳಿದ್ದೀರಿ. ಈ ಆಟವನ್ನು ನಾನು ಹತ್ತು ವರ್ಷಕ್ಕೂ ಜಾಸ್ತಿ ಆಡಿದ್ದೇನೆ, ಬಹುಪಾಲು ಕಲ್ದಾರಿ ಪಾತ್ರದಲ್ಲೇ. ಜೊತೆಗೆ ನಾನು ಹುಟ್ಟಿ ಬೆಳೆದದ್ದು ಒಂದು ಕಂಪನಿ ಟೌನ್‌ಶಿಪ್‌ನಲ್ಲಿ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಈಸ್ಟ್ ಇಂಡಿಯಾ ಕಂಪನಿಯ ವಿಷಯ. ಹೋಲಿಕೆ ಅರ್ಧ ಸರಿ. 1600ರಲ್ಲಿ ವ್ಯಾಪಾರಕ್ಕೆ ಅಂತ ಹುಟ್ಟಿದ ಸಂಸ್ಥೆ 1765ರ ಹೊತ್ತಿಗೆ ಬಂಗಾಳ, ಬಿಹಾರ, ಒರಿಸ್ಸಾಗಳ ಕಂದಾಯ ವಸೂಲಿ ಮಾಡುವ ಹಕ್ಕು ಪಡೆಯಿತು. ತನ್ನದೇ ಸೈನ್ಯ ಸಾಕಿತು. ನಮ್ಮ ಹಿರಿಯರ ಬಾಯಲ್ಲಿ ಅದು 'ಕುಂಪಣಿ ಸರ್ಕಾರ' ಆಯಿತು. ಆದರೆ ಆ ಕುಂಪಣಿ ಹೊರಗಿನಿಂದ ಬಂದದ್ದು. ಅದರ ಲಾಭ ಲಂಡನ್‌ಗೆ ಹೋಗುತ್ತಿತ್ತು, ಅದರ ಮೇಲೆ ಬ್ರಿಟಿಷ್ ಪಾರ್ಲಿಮೆಂಟ್ ಇತ್ತು. ಅದಕ್ಕೇ 1858ರಲ್ಲಿ ಒಂದು ಕಾನೂನಿನಿಂದ ಅದರ ಅಧಿಕಾರ ಕಿತ್ತುಕೊಳ್ಳಲು ಸಾಧ್ಯವಾಯಿತು. ಕಲ್ದಾರಿಯಲ್ಲಿ ಹಾಗಿಲ್ಲ. ಅಲ್ಲಿನ ಕಂಪನಿಗಳು ಅಲ್ಲಿನ ಜನರದ್ದೇ. ಅವುಗಳ ಮೇಲೆ ಯಾರೂ ಇಲ್ಲ.

ಎಂಟು ದೊಡ್ಡ ಕಂಪನಿಗಳಿವೆ. ಆಟದಲ್ಲಿ ಅವನ್ನು ಮೆಗಾಕಾರ್ಪೊರೇಷನ್ ಅನ್ನುತ್ತಾರೆ. ಇಡೀ ದೇಶವನ್ನು ಅವು ತಮ್ಮೊಳಗೆ ಹಂಚಿಕೊಂಡಿವೆ. ಒಂದೊಂದರ ಕೆಳಗೂ ಸಾವಿರಾರು ಸಣ್ಣ ಕಂಪನಿಗಳು. ಗಣಿ, ಕಾರ್ಖಾನೆ, ವಕೀಲರ ಕಚೇರಿ, ಎಲ್ಲವೂ ಅದರಲ್ಲೇ ಬಂತು. ಭೂಮಿಯೆಲ್ಲ ಯಾವುದಾದರೂ ಒಂದು ಕಂಪನಿಯದ್ದು. ಜನ ಅದನ್ನು ಬಾಡಿಗೆಗೆ ಪಡೆದು ಬದುಕುತ್ತಾರೆ. ಆಡಳಿತ, ಪೊಲೀಸು ಕೂಡ ಕಂಪನಿಗಳ ಕೈಯಲ್ಲೇ. ಎಂಟೂ ಕಂಪನಿಗಳ ಮುಖ್ಯಸ್ಥರು ಸೇರುವ ಚೀಫ್ ಎಕ್ಸಿಕ್ಯುಟಿವ್ ಪ್ಯಾನಲ್ ಅಂತ ಒಂದಿದೆ. ದೇಶದ ಸಂಪುಟ ಅಂದ್ರೆ ಅದೇ.

ಈಗ ನಿಮ್ಮ ಎರಡನೇ ಪ್ರಶ್ನೆ, ಜನರ ಬದುಕು. ಮನೆ ಕಂಪನಿಯದ್ದು, ರಸ್ತೆ ಕಂಪನಿಯದ್ದು, ಪೊಲೀಸ್ ಕಂಪನಿಯವನು. ಹಾಗಿದ್ದಾಗ ಒಂದು ದಿನ ಕೆಲಸ ಹೋಯಿತು ಅಂದುಕೊಳ್ಳಿ. ಏನು ಉಳಿಯುತ್ತೆ? ಆಟದ ಮೊದಲ ವಾರದಲ್ಲಿ ಆ ಹಿನ್ನೆಲೆ ಓದಿದಾಗ ನನಗೆ ನೆನಪಾದದ್ದು ಬಾಹ್ಯಾಕಾಶ ಅಲ್ಲ, ನಮ್ಮ ಬೀದಿ.

ನಮ್ಮ ಟೌನ್‌ಶಿಪ್‌ನಲ್ಲಿ ಬೆಳಿಗ್ಗೆ ಶಿಫ್ಟಿನ ಸೈರನ್ ಕೂಗಿದರೆ ಇಡೀ ಊರು ಏಳುತ್ತಿತ್ತು. ಕ್ವಾರ್ಟರ್ಸ್ ಕಂಪನಿಯದ್ದು, ಶಾಲೆ ಕಂಪನಿಯದ್ದು, ನಾನು ಹುಟ್ಟಿದ ಆಸ್ಪತ್ರೆಯೂ ಕಂಪನಿಯದ್ದೇ. ಸುಳ್ಳು ಹೇಳಬಾರದು, ಎಲ್ಲ ಚೆನ್ನಾಗಿತ್ತು. ಸುತ್ತಲ ಹಳ್ಳಿಗಳಲ್ಲಿ ಕರೆಂಟ್ ಹೋದಾಗಲೂ ನಮ್ಮಲ್ಲಿ ದೀಪ ಉರಿಯುತ್ತಿತ್ತು. ಆದರೆ ನಮ್ಮಲ್ಲಿ ಪಂಚಾಯಿತಿ ಇರಲಿಲ್ಲ, ವಾರ್ಡ್ ಸದಸ್ಯ ಇರಲಿಲ್ಲ. ನಲ್ಲಿ ಕೆಟ್ಟರೆ ಎಸ್ಟೇಟ್ ಆಫೀಸಿಗೆ ಹೋಗಿ ರಿಜಿಸ್ಟರ್‌ನಲ್ಲಿ ಬರೆಯಬೇಕು. ಅಮ್ಮ ಅಲ್ಲಿಗೆ ಹೋದರೆ ಗುಮಾಸ್ತರು ಮೊದಲು ಕೇಳುತ್ತಿದ್ದದ್ದು ಅಪ್ಪನ ಟೋಕನ್ ನಂಬರ್. ಅಮ್ಮನ ಹೆಸರು ಆಮೇಲೆ. ಪಕ್ಕದ ಮನೆಯ ಅಂಕಲ್‌ಗೆ ಏನೋ ವಿಚಾರಣೆ ನಡೆದು ಕೆಲಸ ಹೋಯಿತು. ಮೂರು ತಿಂಗಳಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಿಸಿದರು. ನನ್ನ ಜೊತೆ ಓದುತ್ತಿದ್ದ ಅವರ ಮಗಳು ವರ್ಷದ ಮಧ್ಯದಲ್ಲೇ ಶಾಲೆ ಬಿಟ್ಟಳು. ಯಾರೂ ಗಲಾಟೆ ಮಾಡಲಿಲ್ಲ. ಗಲಾಟೆ ಮಾಡಲು ಯಾರ ಮುಂದೆ ಹೋಗಬೇಕು ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಕಲ್ದಾರಿ ಅಂದ್ರೆ ಆ ಎಸ್ಟೇಟ್ ಆಫೀಸು ನಕ್ಷತ್ರಗಳವರೆಗೆ ಬೆಳೆದ ಹಾಗೆ. ಕಂಪನಿ ಕ್ರೂರವಾಗಿರಲೇಬೇಕು ಅಂತಿಲ್ಲ. ಚೆನ್ನಾಗಿ ನೋಡಿಕೊಳ್ಳಬಹುದು, ಬಹಳಷ್ಟು ಸಲ ನೋಡಿಕೊಳ್ಳುತ್ತದೆ ಕೂಡ. 'ಇದು ಬೇಡ' ಅನ್ನೋಕೆ ಜಾಗವೇ ಇರುವುದಿಲ್ಲ, ಅದೇ ಅಲ್ಲಿನ ತೊಂದರೆ.

ಎಂಟೂ ಕಂಪನಿಗಳು ಒಂದೇ ಥರ ಇಲ್ಲ. ಈ ಕಥೆ ಕಟ್ಟಿದವರನ್ನು ನಾನು ಮೆಚ್ಚುವುದು ಇದಕ್ಕೇ. ಕಾಲಕಿಯೋಟ ಎಲ್ಲಕ್ಕಿಂತ ದೊಡ್ಡದು. ಲೈ ದೈ, ವಿರ್ಕೋಮಿ ಅದರ ಜೊತೆಗಿವೆ. ಈ ಮೂರನ್ನು ಪೇಟ್ರಿಯಟ್ಸ್ ಅನ್ನುತ್ತಾರೆ. ದೇಶ ಮೊದಲು, ಯುದ್ಧಕ್ಕೂ ಸಿದ್ಧ ಅನ್ನುವವರು. ಸುಕೂವೆಸ್ತಾ, ನುಗೊಯಿಹುವಿ, ಸಿಬಿಡಿ ಇವು ಪ್ರಾಕ್ಟಿಕಲ್ಸ್. ಲಾಭ ಎಲ್ಲಿದೆಯೋ ಅಲ್ಲಿರುತ್ತಾರೆ. ಸುಕೂವೆಸ್ತಾ ಜಮೀನಿನ ವ್ಯವಹಾರದಲ್ಲಿ ಕರುಣೆ ಇಲ್ಲದ್ದು ಅಂತ ಹೆಸರು. ನುಗೊಯಿಹುವಿ ಮನರಂಜನೆ ನಡೆಸುತ್ತದೆ, ಪಾತಕಿಗಳ ನಂಟಿದೆ ಅಂತ ಗುಮಾನಿ. ಉಳಿದ ಇಶುಕೋನೆ, ಹ್ಯಾಸ್ಯೋದಾ ಲಿಬರಲ್ಸ್. ಅವರಿಗೆ ಹೊರಗಿನವರ ಜೊತೆ ವ್ಯಾಪಾರ, ಶಾಂತಿ ಬೇಕು. ಈ ಹೆಸರುಗಳಲ್ಲಿ ಫಿನ್ನಿಶ್, ಜಪಾನೀಸ್ ಎರಡರ ಛಾಯೆಯೂ ಇದೆ. ಗಟ್ಟಿಯಾಗಿ ಹೇಳಿಕೊಂಡು ನೋಡಿ, ಬೇಗ ನೆನಪಿರುತ್ತವೆ.

ಇಂಥ ದೇಶ ಹುಟ್ಟಿದ್ದು ಹೇಗೆ? ಚಿಕ್ಕದಾಗಿ ಹೇಳುತ್ತೇನೆ. ಕಲ್ದಾರಿಗಳ ಮೂಲ ಗ್ರಹ ಕಲ್ದಾರಿ ಪ್ರೈಮ್. ಚಳಿ, ಹಿಮ, ಬಿರುಗಾಳಿ. ಅದೇ ಸೂರ್ಯನ ಸುತ್ತ ಗ್ಯಾಲೆಂಟೆ ಜನರ ಹಸಿರು ಗ್ರಹವೂ ಇದೆ. ಮೊದಲು ಇಬ್ಬರೂ ಒಂದೇ ಒಕ್ಕೂಟದಲ್ಲಿದ್ದರು. ಕಲ್ದಾರಿ ಕಂಪನಿಗಳು ಗುಟ್ಟಾಗಿ ದೂರದಲ್ಲಿ ನೆಲೆಗಳನ್ನು ಕಟ್ಟಿಕೊಂಡವು. ಅದು ಬಯಲಾಗಿ ಜಗಳ ಬಂತು, ಯುದ್ಧವಾಯಿತು. ಗ್ರಹದ ಮೇಲೆ ಬಾಂಬು ಬಿತ್ತು, ಜನ ಮನೆಮಠ ಬಿಟ್ಟು ಹೊರಟರು. ಯುದ್ಧ ನಡೆದದ್ದು 93 ವರ್ಷ. ಆ ಕಾಲದಲ್ಲಿ ಜನರನ್ನು ಸಾಗಿಸಿದ್ದು, ಊಟ ಹಾಕಿದ್ದು, ಹಡಗು ಕಟ್ಟಿದ್ದು ಕಂಪನಿಗಳೇ. ಅವರ ನಿಷ್ಠೆಯ ಬೇರು ಅಲ್ಲಿದೆ ಅಂತ ನನಗನಿಸುತ್ತದೆ. ಕಷ್ಟದಲ್ಲಿ ಕೈ ಹಿಡಿದವರನ್ನು ಪ್ರಶ್ನೆ ಮಾಡುವುದು ಸುಲಭ ಅಲ್ಲ.

ಆದರೂ ಒಬ್ಬ ಪ್ರಶ್ನೆ ಮಾಡಿದ. ನೀವು ಈ ಲೋಕದ ಒಂದೇ ಒಂದು ಕಥೆ ಓದುವುದಾದರೆ ಟೈಬಸ್ ಹೆತ್‌ನ ಕಥೆ ಓದಿ. ಇದು ಆಟದೊಳಗೆ ನಡೆದದ್ದು 2008ರಲ್ಲಿ. ಹೆತ್ ಕಾಲಕಿಯೋಟದ ಅಡಿಯಲ್ಲಿದ್ದ ಕಲ್ದಾರಿ ಕನ್‌ಸ್ಟ್ರಕ್ಷನ್ಸ್ ಎಂಬ ಕಂಪನಿಯ ಕಾರ್ಖಾನೆ ಕೆಲಸಗಾರ. ಕಲ್ದಾರಿಗಳಿಗೆ ಒಂದು ನಂಬಿಕೆ ಇತ್ತು: ಕೆಲಸ ಚೆನ್ನಾಗಿ ಮಾಡಿದವನು ಮೇಲೆ ಬರುತ್ತಾನೆ. ಆದರೆ ನಿಜದಲ್ಲಿ ಮೇಲಿನ ಕುರ್ಚಿಗಳೆಲ್ಲ ಕೆಲವೇ ಮನೆತನಗಳ ಕೈಗೆ ಹೋಗಿದ್ದವು. ಕೆಳಗಿನವನು ಜೀವಮಾನವಿಡೀ ಅದೇ ಯಂತ್ರದ ಮುಂದೆ. ಹೆತ್ ಕಾರ್ಖಾನೆಯಲ್ಲಿ ಬಂಡಾಯ ಎಬ್ಬಿಸಿದ. ಅಧಿಕಾರಿಗಳ ಮೋಸಗಳನ್ನು ಎಲ್ಲರ ಮುಂದೆ ಇಟ್ಟ. ಅದೇ ಹೊತ್ತಿಗೆ ಗ್ಯಾಲೆಂಟೆ ನೌಕಾಧಿಕಾರಿಯೊಬ್ಬ ತನ್ನ ದೈತ್ಯ ಹಡಗನ್ನು ಇಶುಕೋನೆಯ ನಿಲ್ದಾಣಕ್ಕೆ ಅಪ್ಪಳಿಸಿದ. ಜನ ಕುದಿಯುತ್ತಿದ್ದರು. ಆ ಸಿಟ್ಟಿನ ಮೇಲೆ ಹೆತ್ ಕಾಲಕಿಯೋಟದ ಮುಖ್ಯಸ್ಥನಾದ, ನಂತರ ಇಡೀ ದೇಶವೇ ಅವನ ಕೈಗೆ ಬಂತು. ಕಳೆದುಹೋಗಿದ್ದ ಕಲ್ದಾರಿ ಪ್ರೈಮ್ ಅನ್ನು ಸೈನ್ಯ ಕಳಿಸಿ ಹಿಡಿದ.

ಆ ದಿನಗಳಲ್ಲಿ ನಾನೂ ಅವನ ಪರ ಇದ್ದೆ. ಕಾರ್ಖಾನೆಯಲ್ಲಿ ದುಡಿದವನ ಮಗ ನಾನು, ಬೇರೆ ಹೇಗೆ ಇರಲಿ? ಆದರೆ ಹೆತ್ ಕಟ್ಟಿದ್ದು ಜನರ ಸರ್ಕಾರ ಅಲ್ಲ. ಎಂಟು ಮುಖ್ಯಸ್ಥರಿದ್ದ ಕಡೆ ಒಬ್ಬ ಮುಖ್ಯಸ್ಥ ಬಂದ, ಅಷ್ಟೇ. ಅವನ ಆಳ್ವಿಕೆ ಸರ್ವಾಧಿಕಾರವಾಯಿತು. ಕಲ್ದಾರಿ ಪ್ರೈಮ್ ಮೇಲೆ ಅವನು ನಿಲ್ಲಿಸಿದ್ದ ಶಿಗೇರು ಎಂಬ ದೈತ್ಯ ಹಡಗು 2013ರ ಮಾರ್ಚ್ 22ರಂದು ಅದೇ ಗ್ರಹದ ಮೇಲೆ ಮುರಿದು ಬಿತ್ತು. ಆ ಕದನದಲ್ಲಿ ಆಟಗಾರರೇ ಎರಡೂ ಕಡೆ ಹೋರಾಡಿದ್ದರು. ಅದೇ ವರ್ಷ ಹೆತ್ ಅಧಿಕಾರದಿಂದ ಹೊರಬಿದ್ದ, ಹಳೆಯ ಪ್ಯಾನಲ್ ಮತ್ತೆ ಕೂತಿತು. ದುಡಿಯುವವರ ಮಾತು ಕೇಳುವ ವ್ಯವಸ್ಥೆ ಒಂದೂ ಹುಟ್ಟಲಿಲ್ಲ. ನನಗೆ ಇದು ಇವತ್ತಿಗೂ ಬೇಸರದ ವಿಷಯ.

ಇದೆಲ್ಲ ಬರೆದಿಟ್ಟ ಕಥೆ. ನೀವು ನಾಲ್ಕು ತಿಂಗಳು ಆಡಿದ ಮೇಲೆ ಇನ್ನೊಂದು ಬಗೆಯ ಕಂಪನಿ ಆಳ್ವಿಕೆ ಕಾಣುತ್ತೀರಿ, ಆಟಗಾರರೇ ನಡೆಸುವುದು. ಆಟದಲ್ಲಿ ಗುಂಪು ಕಟ್ಟಿಕೊಂಡರೆ ಅದಕ್ಕೆ ಹೆಸರೇ ಕಾರ್ಪೊರೇಷನ್. ಅದಕ್ಕೊಬ್ಬ ಸಿಇಒ, ನಿಮ್ಮ ಗಳಿಕೆಯಲ್ಲಿ ಒಂದು ಪಾಲು ತೆರಿಗೆ. ಇಂಥ ಹಲವು ಸೇರಿದರೆ ಅಲಯನ್ಸ್. ಪೊಲೀಸರಿಲ್ಲದ ದೂರದ ನಕ್ಷತ್ರಗಳನ್ನು ಅವೇ ಹಿಡಿದು ಆಳುತ್ತವೆ. ಹಾಗೆ ಹಿಡಿದ ಜಾಗಕ್ಕೆ ಕಾಲಕಾಲಕ್ಕೆ ಬಿಲ್ ಕಟ್ಟಬೇಕಿತ್ತು. 2014ರ ಜನವರಿಯಲ್ಲಿ ಒಂದು ಬಿಲ್ ಕಟ್ಟಿರಲಿಲ್ಲ. ಬಿ-ಆರ್5ಆರ್‌ಬಿ ಅನ್ನುವ ಜಾಗದ ಹಕ್ಕು ಹೋಯಿತು, ಎದುರಾಳಿಗಳು ನುಗ್ಗಿದರು. 21 ಗಂಟೆ ಕಾಳಗ ನಡೆದು ಆಟದ ಅತಿ ದೊಡ್ಡ ಹಡಗುಗಳಾದ ಟೈಟನ್‌ಗಳಲ್ಲಿ 75 ನಾಶವಾದವು. ನಿಜವಾದ ಹಣದಲ್ಲಿ ಲೆಕ್ಕ ಹಾಕಿದರೆ ಸುಮಾರು 3 ಲಕ್ಷ ಡಾಲರ್ ನಷ್ಟ.

ದುಡ್ಡಿನ ವಿಷಯದಲ್ಲೂ ಎಚ್ಚರ ಇರಲಿ. 2009ರಲ್ಲಿ ಆಟಗಾರರೇ ನಡೆಸುತ್ತಿದ್ದ ಇಬ್ಯಾಂಕ್‌ನ ಮುಖ್ಯಸ್ಥನೇ ಸುಮಾರು 20,000 ಕೋಟಿ ಇಸ್ಕ್ ತೆಗೆದುಕೊಂಡ. ಇಸ್ಕ್ ಅಂದ್ರೆ ಆಟದ ನಾಣ್ಯ. ಅವನನ್ನು ಆಟದಿಂದ ಹೊರಹಾಕಿದ್ದು ಕದ್ದದ್ದಕ್ಕಲ್ಲ, ಅದನ್ನು ನಿಜವಾದ ಹಣಕ್ಕೆ ಮಾರಿದ್ದಕ್ಕೆ. ಕದಿಯುವುದು ಆಟದ ನಿಯಮದೊಳಗೇ ಇದೆ. ಸೇರುವ ಮುಂಚೆ ಕಾರ್ಪೊರೇಷನ್ನಿನ ಹಳಬರ ಜೊತೆ ನಾಲ್ಕು ದಿನ ಮಾತಾಡಿ. ಕೇಳಿದ ಪ್ರಶ್ನೆಗೆ ಸಿಇಒ ಸಿಡುಕಿದರೆ ಅಲ್ಲಿ ಸೇರಬೇಡಿ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಘಟನೆ. ಈ ಇಡೀ ಲೋಕವನ್ನು ನಿಜವಾಗಿ ಆಳುವುದು ಒಂದು ಕಂಪನಿ ತಾನೇ? ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿರುವ ಸಿಸಿಪಿ 2003ರ ಮೇ ತಿಂಗಳಿಂದ ಈ ಆಟ ನಡೆಸುತ್ತಿದೆ. ನೆಲ, ಕಾನೂನು, ನಾಣ್ಯ ಎಲ್ಲ ಅವರದ್ದು. 2011ರ ಜೂನ್‌ನಲ್ಲಿ ಅವರು ಆಟದ ಅಂಗಡಿಯಲ್ಲಿ ಬಟ್ಟೆಬರೆ ಮಾರಲು ಇಟ್ಟರು. ಪಾತ್ರದ ಒಂದು ಕಣ್ಣಿಗೆ ಹಾಕುವ ಮಸೂರಕ್ಕೇ 60 ಡಾಲರಿಗೂ ಜಾಸ್ತಿ ಬೆಲೆ. ಜನ ಕೂಗಾಡಿದರು. ಆಗ ಮುಖ್ಯಸ್ಥರು ಸಿಬ್ಬಂದಿಗೆ ಬರೆದ ಪತ್ರವೊಂದು ಸೋರಿಕೆಯಾಯಿತು. ಆಟಗಾರರು ಏನು ಹೇಳುತ್ತಾರೆ ಅನ್ನುವುದಕ್ಕಿಂತ ಏನು ಮಾಡುತ್ತಾರೆ ಅನ್ನುವುದನ್ನು ನೋಡೋಣ ಅನ್ನುವ ಅರ್ಥದ ಮಾತು ಅದರಲ್ಲಿತ್ತು.

ಆಟಗಾರರು ಮಾಡಿ ತೋರಿಸಿದರು. ಸಾವಿರಾರು ಜನ ಚಂದಾ ನಿಲ್ಲಿಸಿದರು. ಇನ್ನೂ ಸಾವಿರಾರು ಜನ ಜಿಟಾದಲ್ಲಿ ಸೇರಿದರು. ಜಿಟಾ ಇರುವುದು ಕಲ್ದಾರಿ ನೆಲದಲ್ಲೇ. ಈ ಲೋಕದ ಅತಿ ದೊಡ್ಡ ಸಂತೆ ಅದು. ಅಲ್ಲಿ ಒಂದು ಸ್ಮಾರಕ ಇತ್ತು, ಗುಂಡಿಗೆ ಒಡೆಯದಂಥದ್ದು. ಅದಕ್ಕೆ ದಿನಗಟ್ಟಲೆ ಗುಂಡು ಹೊಡೆದರು. ಒಡೆಯುವುದಿಲ್ಲ ಅಂತ ಗೊತ್ತಿದ್ದೂ ಹೊಡೆದರು. ಅಷ್ಟರಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇತ್ತು. 2008ರಿಂದ ಆಟಗಾರರು ಮತ ಹಾಕಿ ಕೌನ್ಸಿಲ್ ಆಫ್ ಸ್ಟೆಲ್ಲಾರ್ ಮ್ಯಾನೇಜ್‌ಮೆಂಟ್ ಅನ್ನುವ ಪ್ರತಿನಿಧಿ ಮಂಡಳಿಯನ್ನು ಆರಿಸುತ್ತಿದ್ದರು. ಅದಕ್ಕೆ ಅಧಿಕಾರ ಇಲ್ಲ, ಮಾತಾಡುವ ಹಕ್ಕು ಮಾತ್ರ. ಸಿಸಿಪಿ ಆ ಪ್ರತಿನಿಧಿಗಳನ್ನು ತುರ್ತಾಗಿ ಐಸ್‌ಲ್ಯಾಂಡಿಗೆ ಕರೆಸಿಕೊಂಡು ಮಾತಾಡಿತು. ಅಕ್ಟೋಬರ್‌ನಲ್ಲಿ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಮುಂದಿನ ಬದಲಾವಣೆಗಳು ಜನ ಕೇಳಿದ ಹಡಗುಗಳ ಕಡೆಗೆ ತಿರುಗಿದವು.

ನಮ್ಮ ಪಕ್ಕದ ಮನೆಯವರು ಸಾಮಾನು ಲಾರಿಗೆ ಹಾಕುತ್ತಿದ್ದ ದಿನ ಇಂಥದ್ದೊಂದು ಮಂಡಳಿ ನಮ್ಮ ಟೌನ್‌ಶಿಪ್‌ನಲ್ಲೂ ಇದ್ದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ನೀವು ಹೇಗಿದ್ದರೂ ಕಲ್ದಾರಿ, ಜಿಟಾ ದೂರವೇನಿಲ್ಲ. ಹಡಗಿನಲ್ಲಿ ಬೆಲೆಬಾಳುವ ಸಾಮಾನು ತುಂಬಿಕೊಂಡು ಹೋಗಬೇಡಿ, ದಾರಿಯಲ್ಲಿ ಹೊಡೆಯುವವರಿದ್ದಾರೆ. ನಾಲ್ಕನೇ ಗ್ರಹದ ನಾಲ್ಕನೇ ಚಂದ್ರನ ನಿಲ್ದಾಣದಲ್ಲಿ ಸಂತೆ. ವ್ಯಾಪಾರ ಮುಗಿಸಿ ಹೊರಡುವ ಮುಂಚೆ ಆ ಸ್ಮಾರಕದ ವಿಷಯ ಹಳಬರ ಹತ್ತಿರ ಕೇಳಿ. ಆಮೇಲೆ ಸಿಸಿಪಿಯವರೇ ಅದನ್ನು ಮುರಿದುಬಿದ್ದ ರೂಪಕ್ಕೆ ಬದಲಾಯಿಸಿದರು.

ಏನಾದರೂ ಸಹಾಯ ಬೇಕಿದ್ದರೆ ಕೇಳಿ. ಹಡಗು ನಡೆಸುವುದು, ಸಂತೆಯಲ್ಲಿ ಬೆಲೆ ನೋಡುವುದು, ಯಾವುದೇ ಇರಲಿ, ಹೇಳಿಕೊಡುತ್ತೇನೆ.